ಚೀಟಿ ಬ್ಯಾಡ್ರಿ ಸರ್ರ, ಊರಾಗ ಎಲ್ಲಾರಿಗೂ ಗೊತ್ತೈತಿ

ಕಳೆದ ವರ್ಷ ಜುಲೈ ತಿಂಗಳ ಒಂದು ಸಂಜೆ. ನಾವು ಎಪಿಎಂಸಿ ಗೇಟಿನ ಮುಂದೆ ಬೈಕ್ ಮೇಲೆ ಕುಳಿತು ಉಳ್ಳಾಗಡ್ಡಿ ದರದ ಸುದ್ದಿ ಟೈಪ್ ಮಾಡುತ್ತಿದ್ದೆವು. ನಮ್ಮ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನ ಟೀಚರ್ ಫೋನ್ ಮಾಡಿದರು.

“ಸರ್ರ, ನೀವು ಪೇಪರ್‌ನವ್ರು. ಶನಿವಾರ ಒಂದ್ ತಾಸು ನಮ್ಮ ಹತ್ತನೇತ್ತೆ ಮಕ್ಕಳ ಹತ್ರ ಬರ್ತೀರೇನು? ಹಿಟ್ಲರ್ ಪಾಠ ಮುಗಸೀನಿ. ಆದ್ರ ಮುಗದಿಲ್ಲ.”

ಮುಗಿಸಿದ್ದೀನಿ, ಆದರೆ ಮುಗಿದಿಲ್ಲ ಎಂದರೇನು ಎಂದು ಕೇಳಿದೆವು. ಕಿರುಪರೀಕ್ಷೆಯಲ್ಲಿ ಅವರು ಒಂದು ಪ್ರಶ್ನೆ ಕೊಟ್ಟಿದ್ದರಂತೆ: ಯಹೂದಿಗಳ ಹತ್ಯೆಗೆ ಕಾರಣವೇನು? ತರಗತಿಯಲ್ಲಿ 41 ಮಕ್ಕಳು. ಹೆಚ್ಚುಕಡಿಮೆ ಎಲ್ಲರೂ ಬರೆದದ್ದು ಒಂದೇ ಉತ್ತರ, ಹಿಟ್ಲರ್ ಕ್ರೂರಿಯಾಗಿದ್ದ.

“ಅಲ್ರೀ, ಒಬ್ಬಾಂವ ಅರವತ್ತು ಲಕ್ಷ ಮಂದೀನ ಹೆಂಗ ಕೊಲ್ತಾನ? ಉಳದವ್ರು ಏನ್ ಮಾಡಾಕತ್ತಿದ್ರು? ಈ ಪ್ರಶ್ನಿ ಮಕ್ಕಳ ಬಾಯಿಂದ ಬರಬೇಕು. ನಾ ಹೇಳಿದ್ರ ಅದೂ ಒಂದು ನೋಟ್ಸ್ ಆಗ್ತೈತಿ ಅಷ್ಟ.”

ನಾವು ಒಪ್ಪಿಕೊಂಡೆವು. (ಇಲ್ಲಿ ‘ನಾವು’ ಎಂದರೆ ಒಬ್ಬರೇ. ನಮ್ಮ ಕಡೆ ಒಬ್ಬನೇ ಇದ್ದರೂ ‘ನಾವು ಬರ್ತೀವ್ರಿ’ ಅನ್ನುವುದು ರೂಢಿ. ಹಳಬರಿಗೆ ಗೊತ್ತು, ಹೊಸ ಓದುಗರಿಗಾಗಿ ಹೇಳಿದೆವು.) ಕೈಯಲ್ಲಿರುವುದು ಒಂದು ಪತ್ರಿಕೋದ್ಯಮ ಡಿಪ್ಲೊಮಾ, ಕೆಲಸ ಸ್ಟ್ರಿಂಗರ್‌ದು, ಸಂಬಳ ಅಚ್ಚಾದ ಸುದ್ದಿಯ ಅಳತೆಯ ಮೇಲೆ. ಮಕ್ಕಳಿಗೆ ಪಾಠ ಮಾಡಿ ಅಭ್ಯಾಸವಿರಲಿಲ್ಲ. ಅದು ಮೊದಲ ಶನಿವಾರವೇ ಎಲ್ಲರಿಗೂ ಗೊತ್ತಾಯಿತು.

ಟೀಚರ್ ವಿಧಾನ ಸರಳ. ಅವರು ಅದನ್ನು ತರಬೇತಿಯಲ್ಲಿ ಕಲಿತ ಹೆಸರಿನಿಂದ ಅನ್ವೇಷಣಾ ಕಲಿಕೆ ಎನ್ನುತ್ತಾರೆ. ಮೊದಲು ಒಂದು ವಸ್ತು ಇಲ್ಲವೇ ಒಂದು ಕಾಗದ ಮಕ್ಕಳ ಕೈಗೆ ಕೊಡುವುದು. ಏನೂ ವಿವರಿಸುವುದಿಲ್ಲ. ಮಕ್ಕಳು ಪ್ರಶ್ನೆ ಬರೆಯುತ್ತಾರೆ. ಆಮೇಲೆ ಆ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೊಂದು ಕಾಗದ. ಗೋಡೆಗೆ ಅಂಟಿಸಿದ ಡ್ರಾಯಿಂಗ್ ಹಾಳೆಯಲ್ಲಿ ಮೂರು ಕಾಲಂ: ಪ್ರಶ್ನೆ, ನಮಗೆ ಸಿಕ್ಕಿದ್ದು, ಪುರಾವೆ ಏನು. ಮೂರನೇ ಕಾಲಂ ಖಾಲಿ ಇದ್ದರೆ ಎರಡನೆಯದಕ್ಕೆ ಬೆಲೆ ಇಲ್ಲ. ನಮ್ಮ ಡೆಸ್ಕಿನವರು ಇಷ್ಟು ಕಟ್ಟುನಿಟ್ಟಾಗಿದ್ದರೆ ನಮ್ಮ ಅರ್ಧ ಸುದ್ದಿ ಅಚ್ಚಾಗುತ್ತಿರಲಿಲ್ಲ.

ಯಾವ ಪ್ರಕರಣ ತೆಗೆದುಕೊಳ್ಳುವುದು ಎಂದು ಕೇಳಿದಾಗ ನಾವು ರುವಾಂಡಾ ಎಂದೆವು. ಡಿಪ್ಲೊಮಾದಲ್ಲಿ ಮಾಧ್ಯಮ ನೀತಿಯ ಪಾಠದಲ್ಲಿ ಅದು ಅರ್ಧ ಪುಟ ಇತ್ತು. ರೇಡಿಯೊ ನಡೆಸಿದವರಿಗೆ ಜೈಲಾಗಿದ್ದು ಓದಿದ್ದ ನೆನಪು. ಟೀಚರ್‌ಗೂ ಹಿಡಿಸಿತು. ಅಲ್ಲಿ ಗ್ಯಾಸ್ ಕೋಣೆ ಇಲ್ಲ, ರೈಲು ಇಲ್ಲ, ಮೀಸೆಯ ಒಬ್ಬ ಮನುಷ್ಯನ ಫೋಟೊ ಇಲ್ಲ. ಇರುವುದು ಊರು, ಹೊಲ, ಮಚ್ಚು, ರೇಡಿಯೊ. ‘ಒಬ್ಬಾಂವ ಮಾಡಿದ’ ಎಂದು ಬರೆದು ತಪ್ಪಿಸಿಕೊಳ್ಳಲು ಜಾಗ ಇಲ್ಲ.

ಓದುಗರಿಗೆ ಇಷ್ಟು ಹಿನ್ನೆಲೆ ಬೇಕು. ರುವಾಂಡಾ ಆಫ್ರಿಕಾದ ನಡುವೆ ಇರುವ ಗುಡ್ಡಗಳ ದೇಶ, ನಮ್ಮ ಕರ್ನಾಟಕದ ಏಳನೇ ಒಂದು ಭಾಗದಷ್ಟೂ ಇಲ್ಲ. ಬಹುತೇಕರು ರೈತರು. ಬಾಳೆ, ಅವರೆಯ ಜಾತಿಯ ಕಾಳು, ಜೋಳ ಬೆಳೆಯುತ್ತಾರೆ. “ಅವ್ರೂ ಜ್ವಾಳಾ ಬೆಳೀತಾರೇನ್ರಿ?” ಎಂದು ಒಬ್ಬ ಹುಡುಗ ಖುಷಿಯಿಂದ ಕೇಳಿದ. ಅಲ್ಲಿ ಹುಟು ಜನ ಹೆಚ್ಚು, ಟುಟ್ಸಿ ಜನ ಕಡಿಮೆ, ಟ್ವಾ ಎಂಬ ಇನ್ನೂ ಸಣ್ಣ ಗುಂಪು. ಎಲ್ಲರ ಭಾಷೆ ಒಂದೇ, ಕಿನ್ಯರುವಾಂಡ. ಹೋಗುವ ಚರ್ಚೂ ಒಂದೇ. 1990ರ ಅಕ್ಟೋಬರ್‌ನಲ್ಲಿ ದೇಶ ಬಿಟ್ಟುಹೋಗಿದ್ದ ಟುಟ್ಸಿ ನಿರಾಶ್ರಿತರ ಸೇನೆ ಉಗಾಂಡಾ ಕಡೆಯಿಂದ ಒಳಗೆ ನುಗ್ಗಿ ಅಂತರ್ಯುದ್ಧ ಶುರುವಾಯಿತು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯರಿಮಾನಾ ಇದ್ದ ವಿಮಾನವನ್ನು ಹೊಡೆದು ಉರುಳಿಸಲಾಯಿತು. ಮರುದಿನದಿಂದ ಸುಮಾರು 100 ದಿನ. ಸತ್ತವರು ಎಂಟು ಲಕ್ಷ ಎಂದು ವಿಶ್ವಸಂಸ್ಥೆಯ ಅಂದಾಜು, ಹತ್ತು ಲಕ್ಷಕ್ಕೂ ಹೆಚ್ಚು ಎಂದು ರುವಾಂಡಾ ಸರ್ಕಾರದ ಲೆಕ್ಕ. ಬಹುಪಾಲು ಟುಟ್ಸಿಗಳು. ಅವರ ಜತೆಗೆ ಕೊಲೆಯನ್ನು ವಿರೋಧಿಸಿದ ಹುಟುಗಳು.

ಆಗ ನಮಗೆ ಆರು ವರ್ಷ, ಒಂದನೇತ್ತೆ. ಬೇಸಿಗೆ ರಜೆಯಲ್ಲಿ ಅಜ್ಜಿ ಊರಿನಲ್ಲಿ ಮಾವಿನಕಾಯಿಗೆ ಕಲ್ಲು ಎಸೆಯುತ್ತಿದ್ದೆವು.

ಈಗ ಮೊದಲ ಶನಿವಾರದ ಮಾತು. ಹೆಡ್‌ಮಾಸ್ತರು ಟೀಚರನ್ನು ಯಾವುದೋ ಆನ್‌ಲೈನ್ ಮಾಹಿತಿ ತುಂಬಲು ಕರೆದರು. ತರಗತಿ ನಮ್ಮ ಕೈಗೆ ಬಂತು. ನಮಗೊಂದು ಐಡಿಯಾ ಇತ್ತು. ಹಿಂದಿನ ರಾತ್ರಿಯೇ 41 ಚೀಟಿ ಕತ್ತರಿಸಿ ಕೆಂಪು, ನೀಲಿ ಗುರುತು ಹಾಕಿಟ್ಟುಕೊಂಡಿದ್ದೆವು. ಕೆಂಪು ಬಂದವರು ನೆಲದ ಮೇಲೆ, ನೀಲಿ ಬಂದವರು ಬೆಂಚಿನ ಮೇಲೆ. ಹತ್ತು ನಿಮಿಷ ಹೀಗೆ ಕೂತರೆ ಭೇದ ಎಂದರೇನು ಎಂದು ತಾವೇ ತಿಳಿಯುತ್ತಾರೆ ಎಂಬುದು ನಮ್ಮ ಲೆಕ್ಕ. ಎಲ್ಲೋ ವಿಡಿಯೊದಲ್ಲಿ ನೋಡಿದ್ದು.

ಐದು ನಿಮಿಷಕ್ಕೆ ಗದ್ದಲ. ಬೆಂಚಿನವರು ನೆಲದವರ ಪಾಟಿಚೀಲ ಒದ್ದರು. ಒಬ್ಬಳು ಅಳತೊಡಗಿದಳು. ಕೊನೆಯ ಸಾಲಿನ ಒಬ್ಬ ಹುಡುಗ ಮಾತ್ರ ಚೀಟಿಯನ್ನು ತೆಗೆದುಕೊಳ್ಳದೆ ನಿಂತಿದ್ದ. ತಗೋ ಅಂದೆವು. ಮೆಲ್ಲಗೆ ಹೇಳಿದ:

“ನಮಗ ಚೀಟಿ ಬ್ಯಾಡ್ರಿ ಸರ್ರ. ಊರಾಗ ಎಲ್ಲಾರಿಗೂ ಗೊತ್ತೈತಿ.”

ತರಗತಿ ಸುಮ್ಮನಾಯಿತು. ಆ ಹುಡುಗ ಯಾವ ಓಣಿಯವನು ಎಂದು ನಮಗೂ ಗೊತ್ತಿತ್ತು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದ ಸುದ್ದಿ ಮಾಡಲು ಒಮ್ಮೆ ಆ ಓಣಿಗೆ ಹೋದವರೇ ನಾವು. ಆ ಸುದ್ದಿ ಅಚ್ಚಾಗಲಿಲ್ಲ. ನಾವು ಎರಡನೇ ಸಲ ಕಳಿಸಲೂ ಇಲ್ಲ.

ಟೀಚರ್ ಬಂದರು. ನೆಲದ ಮೇಲಿದ್ದವರನ್ನು ಎಬ್ಬಿಸಿದರು, ಚೀಟಿಗಳನ್ನೆಲ್ಲ ಆರಿಸಿ ಕೈಚೀಲಕ್ಕೆ ಹಾಕಿಕೊಂಡರು, ನಮ್ಮನ್ನು ವರಾಂಡಕ್ಕೆ ಕರೆದರು. ಬೈಯಲಿಲ್ಲ. “ಸರ್ರ, ರುವಾಂಡಾದ ಶಾಲಿಗಳೊಳಗ ಮಾಸ್ತರು ಇದನ್ನ ಮಾಡ್ತಿದ್ರಂತ. ಹುಟು ಮಕ್ಕಳು ಎದ್ದು ನಿಲ್ರಿ, ಟುಟ್ಸಿ ಮಕ್ಕಳು ಎದ್ದು ನಿಲ್ರಿ ಅಂತ. ನಿನ್ನಿ ರಾತ್ರಿ ಓದಿದ್ನಿ. ನೀವು ಓದಿಲ್ಲೇನು?” ಎಂದರು.

ಓದಿರಲಿಲ್ಲ. ಅಲ್ಲಿ 1994ಕ್ಕೆ ಮುಂಚೆ ತರಗತಿಯಲ್ಲೇ ಹೀಗೆ ಮಕ್ಕಳನ್ನು ಎಣಿಸುತ್ತಿದ್ದುದನ್ನು ಬದುಕಿ ಉಳಿದ ಎಷ್ಟೋ ಜನ ಹೇಳಿದ್ದಾರೆ. ತಾನು ಯಾರು ಎಂದು ಗೊತ್ತಿಲ್ಲದೆ ಸುಮ್ಮನೆ ಕೂತ ಮಗುವನ್ನು, ಮನೆಗೆ ಹೋಗಿ ಅಪ್ಪನನ್ನು ಕೇಳಿಕೊಂಡು ಬಾ ಎಂದು ಕಳಿಸುತ್ತಿದ್ದರಂತೆ.

ಅಂದಿನಿಂದ ಎರಡು ನಿಯಮ. ಆಟ ಆಡಿಸುವುದಿಲ್ಲ, ಹೆಣದ ಫೋಟೊ ತೋರಿಸುವುದಿಲ್ಲ. ಎರಡನೆಯದಕ್ಕೆ ನಾವು ಸ್ವಲ್ಪ ತಕರಾರು ತೆಗೆದೆವು. ಫೋಟೊ ಇಲ್ಲದೆ ಅದರ ಭೀಕರತೆ ಹೇಗೆ ತಿಳಿಯಬೇಕು? ಟೀಚರ್ ಹೇಳಿದ್ದು: “ಹೆಣಾ ನೋಡಿದ್ರ ಮಕ್ಕಳು ಕಣ್ಣು ಮುಚ್ಕೋತಾರ, ಇಲ್ಲಾ ಇನ್ನೊಂದು ತೋರ್ಸು ಅಂತಾರ. ಎರಡರೊಳಗೂ ಪ್ರಶ್ನಿ ಇಲ್ಲ.” ಅಪಘಾತದ ಫೋಟೊ ಕಳಿಸಿದರೆ ಎಷ್ಟು ಜನ ನೋಡುತ್ತಾರೆ ಎಂದು ಬಲ್ಲ ನಮಗೆ ಉತ್ತರ ಹೊಳೆಯಲಿಲ್ಲ.

ಎರಡನೇ ಶನಿವಾರ ಒಂದೇ ಕಾಗದ ಕೊಟ್ಟರು. ರುವಾಂಡಾದ ಹಳೆಯ ಗುರುತಿನ ಚೀಟಿಯ ಜೆರಾಕ್ಸ್. ಎಡಕ್ಕೆ ಫೋಟೊ, ಕೆಳಗೆ ಒಂದು ಸಾಲು: ಹುಟು, ಟುಟ್ಸಿ, ಟ್ವಾ, ಹೊರಗಿನಿಂದ ಬಂದು ಪೌರನಾದವ. ಒಂದನ್ನು ಬಿಟ್ಟು ಉಳಿದದ್ದಕ್ಕೆ ಗೀಟು. ಮಕ್ಕಳು ತಲೆ ಬಗ್ಗಿಸಿ ಪ್ರಶ್ನೆ ಬರೆದರು. ಗೀಟು ಹಾಕಿದವ ಯಾರು? ಅವನಿಗೆ ಹೇಗೆ ಗೊತ್ತಾಯಿತು? ಅಪ್ಪ ಹುಟು, ಅವ್ವ ಟುಟ್ಸಿ ಆದರೆ? ಚೀಟಿ ಹರಿದು ಒಗೆದರೆ ಆಗುತ್ತಿರಲಿಲ್ಲವೇ? ಇದನ್ನು ಶುರು ಮಾಡಿದ್ದು ಯಾವಾಗ?

ಕೊನೆಯ ಪ್ರಶ್ನೆಯಿಂದ ಹುಡುಕಾಟ ಹೊರಟಿತು. ಹುಟು, ಟುಟ್ಸಿ ಎಂಬ ಹೆಸರು ಹಿಂದೆಯೂ ಇದ್ದವು. ಆದರೆ ಅದು ದನಕರು, ಆಸ್ತಿ, ಅರಮನೆಯ ಹತ್ತಿರ ಇರುವುದು, ದೂರ ಇರುವುದು ಇದಕ್ಕೂ ಸೇರಿಕೊಂಡ ಗುರುತು, ಅಪರೂಪಕ್ಕೆ ಒಬ್ಬ ಒಂದರಿಂದ ಇನ್ನೊಂದಕ್ಕೆ ದಾಟುವುದೂ ಇತ್ತು. 1930ರ ದಶಕದಲ್ಲಿ ಆಳುತ್ತಿದ್ದ ಬೆಲ್ಜಿಯಂನವರು ಪ್ರತಿ ಮನುಷ್ಯನಿಗೂ ಚೀಟಿ ಬರೆದುಕೊಟ್ಟರು. ಅಪ್ಪನದ್ದೇ ಮಗುವಿಗೆ. ಅಲ್ಲಿಗೆ ದಾಟುವುದು ಮುಗಿಯಿತು. ಬೆಲ್ಜಿಯಂ ಹೋದರೂ ಚೀಟಿ ಹೋಗಲಿಲ್ಲ. ಬಂದ ಸರ್ಕಾರಗಳು ಶಾಲೆ ಸೀಟಿಗೆ, ನೌಕರಿಗೆ ಅದನ್ನೇ ಬಳಸಿಕೊಂಡವು. 1994ರಲ್ಲಿ ರಸ್ತೆ ರಸ್ತೆಗೆ ಅಡ್ಡಗಟ್ಟೆ ಹಾಕಿ ಕೇಳಿದ್ದು ಅದನ್ನೇ. ಚೀಟಿ ಇಲ್ಲ ಎಂದವರ ಮೇಲೆ ಇನ್ನೂ ಅನುಮಾನ.

ಆಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಒಂದು ಪ್ರಶ್ನೆ ಹಾಕಿದಳು. ಇನ್ನು ಮುಂದೆ ಅವಳ ಪ್ರಶ್ನೆಗಳೇ ಹೆಚ್ಚು ಬರುತ್ತವೆ. “ರೋಡಿನ್ಯಾಗ ಗುರ್ತು ಇಲ್ಲದವ್ರಿಗೆ ಚೀಟಿ ಕೇಳಿದ್ರು. ಊರಾಗ, ಬಾಜೂ ಮನಿಯವ್ರು ಕೊಂದ್ರಲ್ಲ, ಅವ್ರು ಚೀಟಿ ನೋಡಿದ್ರೇನ್ರಿ?”

ಯಾರೂ ಮಾತಾಡಲಿಲ್ಲ. ಕೊನೆಯ ಸಾಲಿನಿಂದ ಅದೇ ಹುಡುಗ, ಈ ಸಲ ಸ್ವಲ್ಪ ಗಟ್ಟಿಯಾಗಿ: “ಊರಾಗ ಯಾಕ ಬೇಕವಾ ಚೀಟಿ?”

ಅವನು ಹೇಳಿದ್ದು ಸರಿ. ಗುಡ್ಡದ ಮೇಲಿನ ಊರುಗಳಲ್ಲಿ ಯಾರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಸ್ಥಳೀಯ ಅಧಿಕಾರಿಗಳ ಹತ್ತಿರ ಪಟ್ಟಿಯೂ ಇತ್ತು. ಚೀಟಿ ಕೊಂದದ್ದು ಅಪರಿಚಿತರನ್ನು, ತಪ್ಪಿಸಿಕೊಂಡು ಓಡುತ್ತಿದ್ದವರನ್ನು. ಪರಿಚಿತರನ್ನು ಕೊಲ್ಲಲು ಪರಿಚಯವೇ ಸಾಕಾಯಿತು. ಟೀಚರ್ ಆ ಹುಡುಗನ ಕೈಗೆ ಸ್ಕೆಚ್ ಪೆನ್ ಕೊಟ್ಟು ಹಾಳೆಯ ಮೇಲೆ ಅವನಿಂದಲೇ ಬರೆಸಿದರು. ಮೂರನೇ ಕಾಲಂನಲ್ಲಿ ಏನು ಬರೆಯಲಿ ಎಂದು ಕೇಳಿದ. “ಹುಡುಕೋಣು” ಎಂದರು. ಮುಂದಿನ ವಾರ ನಾವು ಬದುಕಿ ಉಳಿದವರ ಹೇಳಿಕೆಗಳನ್ನು ಕನ್ನಡಕ್ಕೆ ಮಾಡಿ ಒಯ್ದಾಗ, ನೆರೆಯವರನ್ನು ಹೆಸರು ಹಿಡಿದು ಹೇಳಿದ ಸಾಲುಗಳ ಕೆಳಗೆಲ್ಲ ಅವನು ಗೆರೆ ಎಳೆದ.

ಮೂರನೇ ಶನಿವಾರ ರೇಡಿಯೊ. ಇದು ನಮ್ಮ ಪಾಠ ಎಂದುಕೊಂಡೇ ಹೋಗಿದ್ದೆವು.

ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ 1993ರ ಜುಲೈನಲ್ಲಿ ಶುರುವಾಯಿತು. ಸರ್ಕಾರಿ ರೇಡಿಯೊ ಸಪ್ಪೆ. ಇದರಲ್ಲಿ ಒಳ್ಳೆಯ ಹಾಡು, ನಗೆಚಾಟಿಕೆ, ಕೇಳುಗರ ಫೋನ್, ಸೇಂದಿ ಅಂಗಡಿಯಲ್ಲಿ ಕೂತು ಹರಟಿದ ಹಾಗೆ ಮಾತು. ಜನ ಮುಗಿಬಿದ್ದು ಕೇಳಿದರು. ಹಾಡಿನ ನಡುವೆ ಟುಟ್ಸಿಗಳನ್ನು ‘ಇನ್ಯೆಂಜಿ’ ಎನ್ನುತ್ತಿದ್ದರು, ಎಂದರೆ ಜಿರಳೆ. ಏಪ್ರಿಲ್ ಬಂದಮೇಲೆ ಹೆಸರು, ಅಡಗಿರುವ ಜಾಗ, ಗಾಡಿಯ ನಂಬರ್ ಓದಿದರು. ಕೊಲ್ಲಿ ಎನ್ನುವ ಜಾಗದಲ್ಲಿ ಹೆಚ್ಚಾಗಿ ‘ಕೆಲಸ’ ಎಂಬ ಪದ. ಕೆಲಸಕ್ಕೆ ಹೋಗಿ. ಕೆಲಸ ಮುಗಿಸಿ. ಊರವರೆಲ್ಲ ಸೇರಿ ರಸ್ತೆ, ಕಾಲುವೆ ದುರಸ್ತಿ ಮಾಡುವ ‘ಉಮುಗಾಂಡ’ ಎಂಬ ಪದ್ಧತಿ ಅಲ್ಲಿತ್ತು, ನಮ್ಮಲ್ಲಿ ಶ್ರಮದಾನ ಎನ್ನುತ್ತೇವಲ್ಲ ಹಾಗೆ. ಕೊಲೆಗೂ ಅದೇ ಮಾತು ಅಂಟಿಕೊಂಡಿತು. ಪೊದೆ ಸವರುವುದು ಎಂದರು.

ಮಕ್ಕಳು ಈ ಪದಗಳನ್ನು ಒಂದು ಕಡೆ ಬರೆದು, ಎದುರಿಗೆ ನಿಜವಾಗಿ ನಡೆದದ್ದನ್ನು ಬರೆದರು. ಹದಿನೈದು ವರ್ಷದ ಹುಡುಗನೊಬ್ಬ ‘ಕೆಲಸ’ ಎಂಬ ಪದದ ಎದುರು ‘ಕೊಲೆ’ ಎಂದು ಬರೆದು, ಎರಡನ್ನೂ ಬಹಳ ಹೊತ್ತು ನೋಡುತ್ತ ನಿಂತಿದ್ದ.

ಯಾರು ನಡೆಸುತ್ತಿದ್ದರು ಎಂಬ ಪ್ರಶ್ನೆ ಬಂತು. ರೇಡಿಯೊ ಕಟ್ಟಿದವರಲ್ಲಿ ಮುಖ್ಯನಾದ ಫರ್ಡಿನಾಂಡ್ ನಹಿಮಾನಾ ಇತಿಹಾಸದ ಪ್ರಾಧ್ಯಾಪಕ. “ಮಾಸ್ತರೇನ್ರಿ?” ಎಂದು ಮಕ್ಕಳು ಟೀಚರ್ ಮುಖ ನೋಡಿದರು. ಹಸನ್ ಎಂಗೆಜೆ ‘ಕಂಗುರಾ’ ಎಂಬ ಪತ್ರಿಕೆಯ ಸಂಪಾದಕ. ಟುಟ್ಸಿ ಹೆಣ್ಣನ್ನು ಮದುವೆಯಾದ ಹುಟು ದ್ರೋಹಿ ಎನ್ನುವಂಥ ಹತ್ತು ಕಟ್ಟಳೆಗಳನ್ನು 1990ರ ಡಿಸೆಂಬರ್‌ನಲ್ಲೇ ಅಚ್ಚು ಹಾಕಿದವನು. ಆಗ ನಮ್ಮ ಮುಖ ನೋಡಿದರು.

“ಶಿಕ್ಷಾ ಆತೇನ್ರಿ?”

ಆಯಿತು. ತಾಂಜಾನಿಯಾದ ಅರುಷಾದಲ್ಲಿ ವಿಶ್ವಸಂಸ್ಥೆ ಕೂರಿಸಿದ ನ್ಯಾಯಮಂಡಳಿ 2003ರ ಡಿಸೆಂಬರ್ 3ರಂದು ಈ ಇಬ್ಬರಿಗೂ ಜೀವಾವಧಿ ಕೊಟ್ಟಿತು. ರೇಡಿಯೊದ ಇನ್ನೊಬ್ಬ ಪಾಲುಗಾರ ಬರಯಾಗ್ವಿಜಾನಿಗೆ 35 ವರ್ಷ. 2007ರ ಮೇಲ್ಮನವಿಯಲ್ಲಿ ಕೆಲವು ಆರೋಪ ಬಿದ್ದುಹೋಗಿ ಕ್ರಮವಾಗಿ 30, 35, 32 ವರ್ಷಕ್ಕೆ ಇಳಿಯಿತು. ಮೊದಲ ತೀರ್ಪು ಕೊಟ್ಟ ಪೀಠದ ಅಧ್ಯಕ್ಷೆ ನವಿ ಪಿಳ್ಳೈ, ದಕ್ಷಿಣ ಆಫ್ರಿಕಾದ ಡರ್ಬನ್‌ನ ತಮಿಳು ಮೂಲದ ಹೆಣ್ಣುಮಗಳು, ಬಸ್ ಡ್ರೈವರ್ ಮಗಳು. ಇದನ್ನು ಕೇಳಿ ಹುಡುಗಿಯರ ಸಾಲಿನಲ್ಲಿ ಗುಸುಗುಸು ಎದ್ದಿತು.

ಕನ್ನಡದಲ್ಲಿ ನಮ್ಮ ಪತ್ರಿಕೆಗಳು ಯಾವ ದೊಡ್ಡ ಸಾವಿಗೂ ‘ನರಮೇಧ’ ಎಂದು ಹೆಡ್ಡಿಂಗ್ ಕೊಡುತ್ತವೆ. ನಾವೂ ಕೊಟ್ಟಿದ್ದೇವೆ. ಮಕ್ಕಳು ಕೇಳಿದ್ದರಿಂದ ಕಾನೂನಿನ ಅರ್ಥ ಹುಡುಕಬೇಕಾಯಿತು. ರಫಾಯೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲ 1944ರಲ್ಲಿ ಇದಕ್ಕೊಂದು ಹೊಸ ಪದ ಕಟ್ಟಿದ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಂದ ಮಾಡಿತು, ಭಾರತ 1959ರಲ್ಲಿ ಅನುಮೋದಿಸಿತು. ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ಇಲ್ಲವಾಗಿಸುವ ಉದ್ದೇಶ ಇರಬೇಕು. ಎಷ್ಟು ಜನ ಸತ್ತರು ಎಂಬುದಕ್ಕಿಂತ ಆ ಉದ್ದೇಶವೇ ಮುಖ್ಯ. ಉದ್ದೇಶಕ್ಕೆ ಪುರಾವೆ ಏನು ಎಂದು ಅರುಷಾದ ನ್ಯಾಯಾಧೀಶರು ಹುಡುಕಿದ್ದೂ ಇಂಥದ್ದರಲ್ಲೇ. ಪಟ್ಟಿ, ಭಾಷಣ, ರೇಡಿಯೊ ಟೇಪು.

ಯಾರಿಗೂ ಮೊದಲೇ ಗೊತ್ತಿರಲಿಲ್ಲವೇ ಎಂಬ ಪ್ರಶ್ನೆಗೆ ಒಂದು ಫ್ಯಾಕ್ಸ್ ಸಾಕಾಯಿತು. ಕಿಗಾಲಿಯಲ್ಲಿದ್ದ ಶಾಂತಿಪಾಲನಾ ಪಡೆಯ ಕೆನಡಾದ ಜನರಲ್ ರೋಮಿಯೊ ಡಲೇರ್ 1994ರ ಜನವರಿ 11ರಂದು ನ್ಯೂಯಾರ್ಕಿಗೆ ಕಳಿಸಿದ್ದು. ಟುಟ್ಸಿಗಳ ಪಟ್ಟಿ ಮಾಡಿಸುತ್ತಿದ್ದಾರೆ, 20 ನಿಮಿಷದಲ್ಲಿ ಸಾವಿರ ಜನರನ್ನು ಕೊಲ್ಲಬಲ್ಲರು ಎಂದು ಒಳಗಿನವನೊಬ್ಬ ಹೇಳಿದ್ದನ್ನು ತಿಳಿಸಿ, ಆಯುಧ ಬಚ್ಚಿಟ್ಟ ಜಾಗಗಳ ಮೇಲೆ ದಾಳಿ ಮಾಡುತ್ತೇವೆ ಎಂದಿದ್ದರು. ಬೇಡ ಎಂದು ಉತ್ತರ ಬಂತು. ಏಪ್ರಿಲ್‌ನಲ್ಲಿ ಕೊಲೆ ನಡೆಯುತ್ತಿರುವಾಗಲೇ ಭದ್ರತಾ ಮಂಡಳಿ ಆ ಪಡೆಯನ್ನು 270 ಜನಕ್ಕೆ ಇಳಿಸಲು ನಿರ್ಣಯ ಮಾಡಿತು. ಮಕ್ಕಳಿಗೆ ಇದರಲ್ಲಿ ಹೆಚ್ಚು ಆಶ್ಚರ್ಯ ಕಾಣಲಿಲ್ಲ. “ಮ್ಯಾಗಿನವ್ರು ಹಂಗ ಇರ್ತಾರ್ರಿ” ಎಂದು ಒಬ್ಬ ಮುಗಿಸಿಯೇಬಿಟ್ಟ.

ಈ ನಡುವೆ ಒಬ್ಬ ಪಾಲಕರು ಬಂದು, ಇದು ಪರೀಕ್ಷೆಗೆ ಎಷ್ಟು ಅಂಕಕ್ಕೆ ಬರುತ್ತದೆ ಎಂದು ಕೇಳಿ ಹೋದರು. ಬರುವುದಿಲ್ಲ ಎಂದು ಟೀಚರ್ ನಿಜವನ್ನೇ ಹೇಳಿದರು.

ನಾಲ್ಕನೇ ವಾರ ಮಕ್ಕಳೇ ಪಾಠ ತಿರುಗಿಸಿದರು. ಯಾರೂ ಬೇಡ ಅನ್ನಲಿಲ್ಲವೇ? ಅಂದವರಿದ್ದರು. ಪ್ರಧಾನಿ ಅಗಾತೆ ಉವಿಲಿಂಗಿಯಿಮಾನಾ, ಸ್ವತಃ ಹುಟು, ಹಿಂದೆ ರಸಾಯನಶಾಸ್ತ್ರದ ಟೀಚರ್. ಶಿಕ್ಷಣ ಮಂತ್ರಿಯಾಗಿದ್ದಾಗ ಶಾಲೆ ಸೀಟಿಗೆ ಹುಟು-ಟುಟ್ಸಿ ಲೆಕ್ಕ ಹಾಕುವುದನ್ನು ತೆಗೆದುಹಾಕಿದ್ದರು. ಅವರನ್ನು ಏಪ್ರಿಲ್ 7ರ ಬೆಳಿಗ್ಗೆಯೇ ಕೊಂದರು.

ಮಕ್ಕಳಿಗೆ ಎಲ್ಲರಿಗಿಂತ ಪ್ರಿಯರಾದವರು ಜುರಾ ಕರುಹಿಂಬಿ. ಹಳ್ಳಿಯ ಮುದುಕಿ, ನಾಟಿ ಔಷಧಿ ಕೊಡುವಾಕೆ. ತನ್ನ ಚಿಕ್ಕ ಮನೆಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಅಡಗಿಸಿಟ್ಟಿದ್ದರು. ಕೊಲ್ಲುವವರು ಬಂದಾಗ ಮೈಗೂ ಬಾಗಿಲಿಗೂ ತುರಿಕೆ ಸೊಪ್ಪು ಹಚ್ಚಿಕೊಂಡು, ಬಳೆ ಝಣಝಣ ಅನ್ನಿಸುತ್ತ, ಒಳಗೆ ಕಾಲಿಟ್ಟರೆ ದೆವ್ವ ಬಿಡುತ್ತೇನೆ ಎಂದು ಹೆದರಿಸಿ ಓಡಿಸಿದರು. 2018ರ ಡಿಸೆಂಬರ್‌ನಲ್ಲಿ ತೀರಿಕೊಂಡರು. “ನಸಗುನ್ನಿ ಹಚ್ಚಿದ್ಲು ಮುದುಕಿ!” ಎಂದು ತರಗತಿಯೆಲ್ಲ ನಕ್ಕಿತು. ನಾಲ್ಕು ವಾರದಲ್ಲಿ ಮೊದಲ ನಗು.

ಆಮೇಲೆ ನ್ಯಾಂಗೆ ಎಂಬ ಊರಿನ ಶಾಲೆಯ ಕಥೆಯನ್ನು ಟೀಚರ್ ಓದಿದರು. 1997ರ ಮಾರ್ಚ್ 18, ರಾತ್ರಿ ಮಕ್ಕಳು ಓದುತ್ತ ಕೂತಿದ್ದಾಗ ಬಂದೂಕು ಹಿಡಿದವರು ನುಗ್ಗಿದರು. ಹುಟುಗಳು ಈ ಕಡೆ, ಟುಟ್ಸಿಗಳು ಆ ಕಡೆ ನಿಲ್ಲಿ ಎಂದರು. ನಾವೆಲ್ಲ ರುವಾಂಡಾದವರು ಎಂದ ಮಕ್ಕಳು ಬೇರೆಯಾಗಲಿಲ್ಲ. ಗುಂಡು, ಗ್ರೆನೇಡ್ ಹಾರಿದವು. ಆರು ಮಕ್ಕಳು ಅಲ್ಲೇ ಸತ್ತರು. ಇಂದು ಆ ಮಕ್ಕಳ ಹೆಸರು ದೇಶದ ವೀರರ ಪಟ್ಟಿಯಲ್ಲಿದೆ.

ಟೀಚರ್ ಓದುವಾಗ ನಾವು ಅವರ ಕೈಚೀಲದ ಕಡೆ ನೋಡುತ್ತಿದ್ದೆವು. ಕೆಂಪು ನೀಲಿ ಚೀಟಿಗಳು ಇನ್ನೂ ಅದರಲ್ಲೇ ಇದ್ದವೋ ಏನೋ.

ಒಂದು ಮಾತು ಸೇರಿಸಬೇಕು. ರುವಾಂಡಾದ ಶಾಲೆಗಳಲ್ಲೇ 1994ರ ನಂತರ ಹಲವು ವರ್ಷ ದೇಶದ ಇತಿಹಾಸ ಪಾಠ ನಿಲ್ಲಿಸಿದ್ದರು. ಯಾರು ಹೇಳಬೇಕು, ಹೇಗೆ ಹೇಳಬೇಕು ಎಂದು ತೀರ್ಮಾನವಾಗುವ ತನಕ. ಗುರುತಿನ ಚೀಟಿಯ ಆ ಸಾಲು ಈಗಿಲ್ಲ. ಗೆದ್ದು ಬಂದ ಸೇನೆ ಮಾಡಿದ ಕೊಲೆಗಳನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ, ಆದರೆ ಅಲ್ಲಿ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವುದು ಇಂದಿಗೂ ಸುಲಭವಲ್ಲ. ಇದನ್ನೂ ಮಕ್ಕಳಿಗೆ ಹೇಳಿದೆವು. ಹಾಳೆಯ ಮೇಲೆ ಅದಕ್ಕೂ ಒಂದು ಸಾಲು ಬಂತು.

ಐದನೇ ಶನಿವಾರ ಕೊನೆಯದು. ಚಹಾ ಕುಡಿದು ಹೊರಡೋಣ ಎಂದುಕೊಂಡು ಹೋದೆವು. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಸರ್ರ, ನೀವು ಎಂದರ ಸುಳ್ಳ ಸುದ್ದಿ ಬರದೀರೇನು?”

ಟೀಚರ್ ಬೇಕೆಂದೇ ಕಿಟಕಿ ಕಡೆ ತಿರುಗಿದರು.

ಬರೆದಿಲ್ಲ ಎನ್ನಬಹುದಿತ್ತು. ಅಕ್ಷರಶಃ ಅದು ನಿಜ. ಆದರೆ 2018ರ ಬೇಸಿಗೆ, ಮಳೆಗಾಲ ನಿಮಗೆ ನೆನಪಿರಬಹುದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಎಲ್ಲರ ಫೋನಿಗೂ ಬಂದಿತ್ತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನಿಂದ ಬಂದವರ ಕಾರನ್ನು ಅಡ್ಡಗಟ್ಟಿ ಒಬ್ಬ ಟೆಕಿಯನ್ನು ಹೊಡೆದು ಕೊಂದರು. ಅದಕ್ಕೆ ಕೆಲವು ವಾರ ಮುಂಚೆ ನಾವೂ ಅಂಥದ್ದೊಂದು ಸಂದೇಶವನ್ನು ಮೂರು ಗುಂಪಿಗೆ ಕಳಿಸಿದ್ದೆವು. ಮೇಲೆ ‘ಎಚ್ಚರ’ ಎಂದು ನಾವೇ ಸೇರಿಸಿದ್ದೆವು. ಒಳ್ಳೆಯದಕ್ಕೇ ಎಂದುಕೊಂಡಿದ್ದೆವು. ಎರಡು ದಿನ ಬಿಟ್ಟು ಪಕ್ಕದ ಊರಿನಲ್ಲಿ ಚಾದರ ಮಾರಲು ಬಂದ ಇಬ್ಬರನ್ನು ಗುಡಿಯ ಮುಂದಿನ ಲೈಟ್ ಕಂಬಕ್ಕೆ ಕಟ್ಟಿ ಹೊಡೆದರು. ಪೊಲೀಸರು ಬಂದಿದ್ದಕ್ಕೆ ಜೀವ ಉಳಿಯಿತು, ಒಬ್ಬನ ಕೈ ಮುರಿದಿತ್ತು. ಆ ಸುದ್ದಿ ಬರೆದವರೂ ನಾವೇ. ಎಂಟು ಸೆಂಟಿಮೀಟರ್ ಅಚ್ಚಾಯಿತು. ನಮ್ಮ ಸಂದೇಶದ ಮಾತು ಅದರಲ್ಲಿ ಇರಲಿಲ್ಲ.

ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. 41 ಮಕ್ಕಳ ಮುಂದೆ ಹೇಳಿದೆವು. ಇದು ರುವಾಂಡಾ ಅಲ್ಲ, ಅದರ ಪಕ್ಕ ಇಡಬಾರದು ಎಂದೂ ಹೇಳಿದೆವು. ಹುಡುಗಿ ತಲೆಯಾಡಿಸಿದಳು. ಕ್ಷಮಿಸಿದಳು ಎಂದೇನಲ್ಲ, ಬರೆದುಕೊಳ್ಳುತ್ತಿದ್ದಳು.

“ನಿಮ್ಮ ಮೆಸೇಜ್ ಆ ಊರಿಗೆ ಹೋಗಿತ್ತೇನ್ರಿ?”

“ಗೊತ್ತಿಲ್ಲವಾ.”

“ಫೋನಿನ್ಯಾಗ ಐತೇನ್ರಿ?”

“ಆ ಫೋನ್ ಬದಲಾಗಿ ಎರಡು ಫೋನ್ ಆದವು.”

ಮೂರನೇ ಕಾಲಂನಲ್ಲಿ ‘ಇಲ್ಲ’ ಎಂದು ಬರೆದಳು. “ಮತ್ತ ಊರಿಗೆ ಹೋಗಿ ಕೇಳಬೌದಲ್ರಿ. ಮದ್ಲ ಯಾರು ಕಳ್ಳರು ಅಂದ್ರು ಅಂತ.”

ಏಳು ವರ್ಷದಲ್ಲಿ ಆ ದಾರಿಯಲ್ಲಿ ನೂರು ಸಲ ಬೈಕ್ ಓಡಿಸಿದ್ದೇವೆ. ಆ ಗುಡಿಯ ಮುಂದೆ ಚಹಾ ಕುಡಿದಿದ್ದೇವೆ. ಕೇಳಿರಲಿಲ್ಲ. ಮರುವಾರ ಹೋದೆವು. ಕಂಬ ಬದಲಾಗಿದೆ, ಈಗ ಸಿಮೆಂಟಿನದು. ಹೋಟೆಲಿನವರು, ಹಾಲಿನ ಡೇರಿಯವರು, ಕಟ್ಟೆಯ ಮೇಲೆ ಕೂತ ನಾಲ್ಕು ಹಿರಿಯರು, ಅಂದು ಹುಡುಗರಾಗಿದ್ದು ಈಗ ಮಕ್ಕಳ ತಂದೆಯಾದ ಇಬ್ಬರು. ಯಾರೂ ಸಿಟ್ಟಾಗಲಿಲ್ಲ. ಮೆಸೇಜ್ ಯಾರದ್ದು ಎಂದು ಯಾರಿಗೂ ನೆನಪಿಲ್ಲ. ಮೊದಲು ಕಳ್ಳರು ಎಂದವರು ಯಾರು ಎಂಬುದಕ್ಕೆ ಎಲ್ಲರಿಂದಲೂ ಒಂದೇ ಉತ್ತರ: “ಎಲ್ಲಾರೂ ಅಂದ್ರು.”

ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಶಾಲೆಗೆ ಹೋಗಿ ಹುಡುಗಿಗೆ ತೋರಿಸಿದೆವು. ನಮ್ಮ ಪೆನ್ನು ಇಸಿದುಕೊಂಡಳು. ‘ಎಲ್ಲಾರೂ’ ಎಂಬ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು: ಯಾರ್‍ಯಾರು? ಹೆಸರು?

ನೋಟ್‌ಬುಕ್ ವಾಪಸ್ ಕೊಟ್ಟು ಗಣಿತದ ಕ್ಲಾಸಿಗೆ ಓಡಿದಳು.